ಇಂಗ್ಲೆಂಡಿನಲ್ಲಿ ಒಂದು ಮನೆ ಮಾರಿ ಇನ್ನೊಂದನ್ನು ಕೊಳ್ಳುವಾಗ: ಯಾವ ಖರ್ಚು ಯಾವ ದಿನ?

ಇಂಗ್ಲೆಂಡಿಗೆ ಬಂದು ಕೆಲವು ವರ್ಷಗಳಾದ ಮೇಲೆ ಚಿಕ್ಕದೊಂದು ಫ್ಲ್ಯಾಟ್ ಕೊಂಡ ಕನ್ನಡ ಕುಟುಂಬಗಳು, ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಅದನ್ನು ಮಾರಿ ಹಿತ್ತಿಲಿರುವ ಮನೆಗೆ ಹೋಗಲು ಹೊರಡುತ್ತವೆ. ಆಗ ನನ್ನನ್ನು ಕೇಳುವವರೆಲ್ಲರ ಮೊದಲ ಪ್ರಶ್ನೆ, ಸಾಲಿಸಿಟರ್‌ಗೆ, ಅಂದರೆ ಮನೆಯ ಕಾಗದಪತ್ರ ನೋಡಿಕೊಳ್ಳುವ ವಕೀಲರಿಗೆ, ಒಟ್ಟು ಎಷ್ಟಾಗುತ್ತದೆ ಎಂಬುದು. ಆ ಮೊತ್ತವನ್ನು ನಾಲ್ಕು ಕಡೆ ವಿಚಾರಿಸಿ ತಿಳಿದುಕೊಳ್ಳಬಹುದು. ಕುಟುಂಬಗಳು ಇಕ್ಕಟ್ಟಿಗೆ ಸಿಲುಕುವುದು ಹೆಚ್ಚಾಗಿ ದಿನಾಂಕದ ವಿಷಯದಲ್ಲಿ: ಕೆಲವು ಖರ್ಚುಗಳು ಹಳೆಯ ಮನೆ ಮಾರಿದ ಹಣ ಬರುವ ಮೊದಲೇ ಉಳಿತಾಯದಿಂದ ಹೋಗುತ್ತವೆ, ಉಳಿದವು ಆ ಹಣದಲ್ಲೇ ತೀರುತ್ತವೆ. ಮೊದಲನೆಯ ಗುಂಪಿಗೆ ಬೇಕಾದ ಹಣವನ್ನು ಮನೆ ಹುಡುಕುವುದಕ್ಕೆ ಮುಂಚೆಯೇ ಬೇರೆ ತೆಗೆದಿಡಬೇಕು.

ನಮ್ಮೂರಿನಲ್ಲಿ ಮುಂಗಡ ಕೊಟ್ಟು ಕ್ರಯದ ಕರಾರು ಬರೆಸಿದರೆ ವ್ಯಾಪಾರ ಕುದುರಿತು ಎನ್ನುತ್ತೇವೆ. ಇಲ್ಲಿ ನೀವು ಹೇಳಿದ ಬೆಲೆಗೆ ಎದುರಿನವರು ಒಪ್ಪಿದರೂ ಎಕ್ಸ್‌ಚೇಂಜ್ ಆಗುವ ದಿನದವರೆಗೆ, ಅಂದರೆ ಎರಡೂ ಕಡೆಯ ಸಾಲಿಸಿಟರ್‌ಗಳು ಸಹಿಯಾದ ಕರಾರುಗಳನ್ನು ವಿನಿಮಯ ಮಾಡಿಕೊಳ್ಳುವವರೆಗೆ, ಯಾರೂ ಯಾರಿಗೂ ಬದ್ಧರಲ್ಲ. ನಿಮ್ಮ ಫ್ಲ್ಯಾಟ್ ಕೊಳ್ಳುವವರು, ನೀವು, ನಿಮಗೆ ಮಾರುವವರು, ಅವರು ಕೊಳ್ಳುತ್ತಿರುವ ಮನೆಯವರು, ಹೀಗೆ ಬೆಳೆಯುವ ಚೈನ್‌ನಲ್ಲಿ ಒಬ್ಬರು ಹಿಂದೆ ಸರಿದರೂ ಎಲ್ಲರದೂ ನಿಲ್ಲುತ್ತದೆ, ಅಲ್ಲಿಯವರೆಗೆ ಮಾಡಿದ ಖರ್ಚು ಹಿಂತಿರುಗುವುದಿಲ್ಲ. ಸ್ಕಾಟ್ಲೆಂಡಿನ ಪದ್ಧತಿಯೇ ಬೇರೆ, ವೇಲ್ಸ್‌ನಲ್ಲಿ ತೆರಿಗೆ ಬೇರೆ. ಇಲ್ಲಿ ಹೇಳಿರುವುದೆಲ್ಲ ಇಂಗ್ಲೆಂಡಿಗೆ ಸಂಬಂಧಿಸಿದ್ದು.

ಸಾಲಿಸಿಟರ್ ಕಡತ ತೆರೆದ ಕೂಡಲೇ ಕೆಲವು ನೂರು ಪೌಂಡ್ ಮುಂಗಡ ಕೇಳುತ್ತಾರೆ. ಅದರಲ್ಲಿ ಬಹುಪಾಲು ಹೋಗುವುದು ಕೊಳ್ಳುವ ಮನೆಯ ಸರ್ಚ್‌ಗಳಿಗೆ: ಸ್ಥಳೀಯ ಕೌನ್ಸಿಲ್‌ನ ದಾಖಲೆ, ನೀರು ಮತ್ತು ಒಳಚರಂಡಿ, ನೆರೆ ಹಾಗೂ ಪರಿಸರದ ವರದಿಗಳು. ಮನೆಯ ಸ್ಥಿತಿ ನೋಡುವ ಸರ್ವೇಯರ್‌ನ ಶುಲ್ಕವೂ ಇದೇ ಹಂತದಲ್ಲಿ ನಿಮ್ಮ ಜೇಬಿನಿಂದ ಹೋಗುತ್ತದೆ. ನೀವು ಮಾರುತ್ತಿರುವುದು ಲೀಸ್‌ಹೋಲ್ಡ್ ಫ್ಲ್ಯಾಟ್ (ಜಾಗದ ಒಡೆತನ ಬೇರೆಯವರದಾಗಿ, ದೀರ್ಘಾವಧಿ ಗುತ್ತಿಗೆಯ ಮೇಲೆ ನಿಮ್ಮದಾದದ್ದು) ಆದರೆ, ನಿರ್ವಹಣಾ ಸಂಸ್ಥೆಯಿಂದ ತರಿಸಬೇಕಾದ ಮಾಹಿತಿ ಕಡತಕ್ಕೆ ಮಾರುವವರಾದ ನೀವೇ ಮೊದಲು ಹಣ ಕಟ್ಟಬೇಕು.

ಇಲ್ಲಿ ನನ್ನ ಸಲಹೆ ಒಂದೇ ಬಗೆಯದಲ್ಲ. ಮಾರುವ ಕಡೆಯ ಕೆಲಸವನ್ನು ಆದಷ್ಟು ಬೇಗ ಆರಂಭಿಸಿ, ಏಕೆಂದರೆ ಈ ಕೊಳ್ಳುವವರು ಹಿಂದೆ ಸರಿದರೂ ಕರಾರಿನ ಕರಡು ಮತ್ತು ಮನೆಯ ಮಾಹಿತಿ ನಮೂನೆಗಳು ಮುಂದಿನವರಿಗೆ ಬಹುಮಟ್ಟಿಗೆ ಉಪಯೋಗಕ್ಕೆ ಬರುತ್ತವೆ. ಕೊಳ್ಳುವ ಕಡೆ ಮಾತ್ರ, ಸರ್ವೇ ವರದಿ ಕೈಗೆ ಬಂದು, ನಿಮ್ಮ ಫ್ಲ್ಯಾಟ್ ಕೊಳ್ಳುವವರ ಸಾಲದ ಸ್ಥಿತಿ ತಿಳಿಯುವವರೆಗೆ ಸರ್ಚ್‌ಗಳನ್ನು ತಡೆಹಿಡಿಯುವಂತೆ ಸಾಲಿಸಿಟರ್‌ಗೆ ಲಿಖಿತವಾಗಿ ತಿಳಿಸಬಹುದು. ಆ ಊರಿನ ಕೌನ್ಸಿಲ್ ಉತ್ತರ ಕೊಡಲು ವಾರಗಟ್ಟಲೆ ತೆಗೆದುಕೊಳ್ಳುವುದಾದರೆ ಕಾಯುವುದರಲ್ಲಿ ಲಾಭವಿಲ್ಲ. ತೀರಾ ಬೇಗ ತರಿಸಿದರೂ ತೊಂದರೆಯುಂಟು: ಆರು ತಿಂಗಳಿಗಿಂತ ಹಳೆಯ ಸರ್ಚ್‌ಗಳನ್ನು ಸಾಲ ಕೊಡುವ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ವ್ಯವಹಾರ ಮುರಿದರೆ ಶುಲ್ಕವಿಲ್ಲ ಎಂದು ಹೇಳುವ ಸಂಸ್ಥೆಗಳೂ ಬಿಟ್ಟುಕೊಡುವುದು ತಮ್ಮ ಕೂಲಿಯನ್ನೇ ಹೊರತು, ಸರ್ಚ್‌ನಂಥ ಹೊರಗಿನ ಖರ್ಚುಗಳನ್ನಲ್ಲ. ಕೊಟ್ಟ ದರಪಟ್ಟಿಯಲ್ಲಿ ಶೇಕಡಾ 20ರ ವ್ಯಾಟ್ ಸೇರಿದೆಯೇ, ಮಾರುವುದಕ್ಕೂ ಕೊಳ್ಳುವುದಕ್ಕೂ ಪ್ರತ್ಯೇಕ ಶುಲ್ಕವೇ ಎಂಬುದನ್ನು ಮೊದಲ ದಿನವೇ ಕೇಳಿ.

ಎಕ್ಸ್‌ಚೇಂಜ್ ದಿನದ ದೊಡ್ಡ ಮೊತ್ತ ಡಿಪಾಸಿಟ್, ರೂಢಿಯಂತೆ ಬೆಲೆಯ ಶೇಕಡಾ 10. ನಿಮ್ಮ ಫ್ಲ್ಯಾಟ್ 3,00,000 ಪೌಂಡ್‌ಗೆ ಮಾರಾಟವಾಗುತ್ತಿದ್ದು, ಕೊಳ್ಳುವ ಮನೆಯ ಬೆಲೆ 4,50,000 ಪೌಂಡ್ ಎಂದಿಟ್ಟುಕೊಳ್ಳಿ. ನಿಮಗೆ ಬರುವ 30,000 ಪೌಂಡ್ ಡಿಪಾಸಿಟ್ಟನ್ನೇ ಮುಂದಿನ ಮನೆಗೆ ಕಟ್ಟಲು ರೂಢಿಯ ಕರಾರಿನ ನಿಯಮಗಳು ಅವಕಾಶ ಕೊಡುತ್ತವೆ. ಆದರೆ ನೀವು ಕಟ್ಟಬೇಕಾದದ್ದು 45,000. ನಡುವಿನ 15,000 ಪೌಂಡನ್ನು ಕೈಯಿಂದ ಹಾಕಬೇಕು, ಇಲ್ಲವೇ ಕಡಿಮೆ ಡಿಪಾಸಿಟ್‌ಗೆ ಮಾರುವವರನ್ನು ಒಪ್ಪಿಸಬೇಕು. ಚೈನ್‌ನಲ್ಲಿ ಹೀಗೆ ಒಪ್ಪಿಕೊಳ್ಳುವುದು ಅಪರೂಪವಲ್ಲ, ಆದರೂ ನೀವು ಕರಾರು ಮುರಿದರೆ ಉಳಿದ ಮೊತ್ತವನ್ನೂ ವಸೂಲು ಮಾಡುವ ಷರತ್ತನ್ನು ಸಾಮಾನ್ಯವಾಗಿ ಸೇರಿಸುತ್ತಾರೆ. ಹೊಸ ಮನೆಯ ಕಟ್ಟಡ ವಿಮೆಯೂ ಎಕ್ಸ್‌ಚೇಂಜ್ ದಿನದಿಂದಲೇ ಚಾಲ್ತಿಯಲ್ಲಿರಬೇಕು, ಏಕೆಂದರೆ ಹಾನಿಯ ಹೊಣೆ ಸಾಮಾನ್ಯವಾಗಿ ಅಂದಿನಿಂದಲೇ ಕೊಳ್ಳುವವರದು.

ಈ ಕೊರತೆಯನ್ನು ಊರಿನ ಹಣದಿಂದ ತುಂಬಿಸುವವರು ಬಹಳ ಮಂದಿ. ಅನಿವಾಸಿಗಳು ಭಾರತದಲ್ಲಿನ ತಮ್ಮ ಆದಾಯವನ್ನು ಇಡುವ ಎನ್‌ಆರ್‌ಒ ಖಾತೆಯಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ ಕಳುಹಿಸಿಕೊಳ್ಳಬಹುದು. ಅಪ್ಪ ಅಮ್ಮ ಕೊಡುವುದಾದರೆ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬೊಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿಯಿದೆ. ಮಿತಿ ಸಾಕಷ್ಟು ದೊಡ್ಡದು, ತಡವಾಗುವುದು ಕಾಗದಪತ್ರದಲ್ಲಿ. ಅಲ್ಲಿ ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕಾಗಬಹುದು, ಇಲ್ಲಿ ಹಣದ ಮೂಲ ತೋರಿಸದೆ ಸಾಲಿಸಿಟರ್ ಅದನ್ನು ಮುಟ್ಟುವುದಿಲ್ಲ. ಮೈಸೂರಿನ ನಿವೇಶನ ಮಾರಿದ ಹಣವಾದರೆ ಕ್ರಯಪತ್ರ, ಅದು ಕನ್ನಡದಲ್ಲಿದ್ದರೆ ಅನುವಾದ, ಹಣ ಜಮೆಯಾದ ಬ್ಯಾಂಕ್ ಪುಟಗಳು. ತಂದೆಯವರು ಕೊಟ್ಟದ್ದಾದರೆ ಅವರ ಗುರುತಿನ ಚೀಟಿ ಮತ್ತು ಮನೆಯಲ್ಲಿ ತಮಗೆ ಪಾಲಿಲ್ಲ, ಹಣವನ್ನು ಹಿಂದೆ ಕೇಳುವುದಿಲ್ಲ ಎಂಬ ಪತ್ರ. ಫ್ಲ್ಯಾಟನ್ನು ಮಾರಾಟಕ್ಕೆ ಹಾಕುವ ವಾರವೇ ಇವನ್ನೆಲ್ಲ ಜೋಡಿಸಲು ಆರಂಭಿಸಿ.

ಎಕ್ಸ್‌ಚೇಂಜ್ ಮತ್ತು ಕಂಪ್ಲೀಷನ್ (ಉಳಿದ ಹಣ ಕೊಟ್ಟು ಮನೆಯ ಕೀಲಿ ಪಡೆಯುವುದು) ಎರಡನ್ನೂ ಒಂದೇ ದಿನ ಮುಗಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಕನಿಷ್ಠ ಒಂದು ವಾರದ ಅಂತರ ಕೇಳಿ. ಹೊಸ ಸಾಲದ ಹಣ ಬಿಡುಗಡೆಗೆ ಬ್ಯಾಂಕಿಗೆ ಕೆಲವು ಕೆಲಸದ ದಿನಗಳ ಸೂಚನೆ ಬೇಕು. ಕಂಪ್ಲೀಷನ್‌ಗೆ ಮುಂಚೆ ಸಾಲಿಸಿಟರ್ ಕಳುಹಿಸುವ ಲೆಕ್ಕಪಟ್ಟಿಯನ್ನು ಸಾಲು ಸಾಲಾಗಿ ಓದಿ. ಹಳೆಯ ಸಾಲದ ಬಾಕಿ, ಅವಧಿಗೆ ಮುನ್ನ ತೀರಿಸಿದ್ದಕ್ಕೆ ದಂಡ, ಎಸ್ಟೇಟ್ ಏಜೆಂಟ್ ಕಮಿಷನ್, ಎರಡೂ ಕಡೆಯ ಕಾನೂನು ಶುಲ್ಕ, ಭೂ ನೋಂದಣಿ ಶುಲ್ಕ, ಹಣ ರವಾನೆಯ ಶುಲ್ಕ, ಎಲ್ಲವೂ ಅದರಲ್ಲಿರುತ್ತವೆ, ಎಲ್ಲವೂ ಮಾರಾಟದ ಹಣದಿಂದಲೇ ಕಡಿತವಾಗುತ್ತವೆ. ಜನ ಶುಕ್ರವಾರವನ್ನೇ ಇಷ್ಟಪಡುತ್ತಾರೆ, ಆದರೆ ಅಂದು ಹಳೆಯ ಸಾಲದ ಹಣ ಬ್ಯಾಂಕಿನ ಗಡುವಿನೊಳಗೆ ತಲುಪದಿದ್ದರೆ ಸೋಮವಾರದವರೆಗೂ ಬಡ್ಡಿ ಬೀಳುತ್ತದೆ. ಮಂಗಳವಾರ ಅಥವಾ ಬುಧವಾರ ಎಷ್ಟೋ ಮೇಲು. ಇನ್ನು, ಹಣ ಕಳುಹಿಸುವ ಮುನ್ನ ಸಾಲಿಸಿಟರ್‌ನ ಖಾತೆ ಸಂಖ್ಯೆಯನ್ನು ನಿಮಗೆ ಮೊದಲಿನಿಂದ ಗೊತ್ತಿರುವ ದೂರವಾಣಿಗೆ ಕರೆ ಮಾಡಿಯೇ ಖಚಿತಪಡಿಸಿಕೊಳ್ಳಿ. ಖಾತೆ ಬದಲಾಗಿದೆ ಎಂದು ಬರುವ ಇಮೇಲ್ ವಂಚಕರದೇ ಎಂದು ತಿಳಿಯಿರಿ.

ಸ್ಟ್ಯಾಂಪ್ ಡ್ಯೂಟಿಯನ್ನು ಕಂಪ್ಲೀಷನ್ ಆದ 14 ದಿನಗಳೊಳಗೆ ಕಟ್ಟಬೇಕಾದರೂ ಸಾಲಿಸಿಟರ್ ಅದನ್ನು ಮೊದಲೇ ತೆಗೆದುಕೊಳ್ಳುತ್ತಾರೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ದರದಂತೆ 4,50,000 ಪೌಂಡ್ ಮನೆಗೆ 12,500 ಪೌಂಡ್. ಹಳೆಯ ಫ್ಲ್ಯಾಟ್ ಹೊಸ ಮನೆ ಕೊಂಡ ದಿನವೇ ಅಥವಾ ಅದಕ್ಕೂ ಮುಂಚೆ ಮಾರಾಟವಾಗಿದ್ದರೆ ಇಷ್ಟಕ್ಕೇ ಮುಗಿಯಿತು, ಬೆಂಗಳೂರಿನಲ್ಲಿ ನಿಮ್ಮ ಹೆಸರಿನಲ್ಲೊಂದು ಫ್ಲ್ಯಾಟ್ ಇದ್ದರೂ ಸಹ, ಏಕೆಂದರೆ ನೀವು ವಾಸದ ಮನೆಯನ್ನು ಬದಲಿಸುತ್ತಿದ್ದೀರಿ. ಆದರೆ ಮಾರಾಟ ಮುಂದೆ ಹೋಗಿ ಕೊಳ್ಳುವುದು ಮೊದಲಾದರೆ, ಎರಡನೆಯ ಮನೆಯ ಶೇಕಡಾ 5ರ ಹೆಚ್ಚುವರಿ ತೆರಿಗೆ ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ: ಇನ್ನೂ 22,500 ಪೌಂಡ್, ಒಟ್ಟು 35,000. ಮಾರಾಟ ತಡವಾದರೂ ಮೊದಲು ಕೊಂಡುಬಿಡೋಣ ಎನ್ನುವವರು ಈ ಹಣವನ್ನು ಹೊಂದಿಸಿಕೊಂಡೇ ಮುಂದುವರಿಯಬೇಕು. ನೀವು ವಾಸವಿದ್ದ ಹಳೆಯ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ ಆ ಹೆಚ್ಚುವರಿ ಮೊತ್ತವನ್ನು ಹಿಂದಕ್ಕೆ ಪಡೆಯಬಹುದು. ಅದು ತಾನಾಗಿ ಬರುವುದಿಲ್ಲ. ಹಳೆಯ ಮನೆ ಮಾರಿದ ದಿನದಿಂದ 12 ತಿಂಗಳೊಳಗೆ ತೆರಿಗೆ ಇಲಾಖೆಗೆ ನೀವೇ ಅರ್ಜಿ ಹಾಕಬೇಕು, ಅದಕ್ಕೆ ಎರಡೂ ಮನೆಗಳ ಲೆಕ್ಕಪಟ್ಟಿ ಮತ್ತು ಕೊಂಡಾಗ ಸಲ್ಲಿಸಿದ ತೆರಿಗೆ ವಿವರದ ಉಲ್ಲೇಖ ಸಂಖ್ಯೆಯನ್ನು ಒಂದೇ ಕಡತದಲ್ಲಿ ಇಟ್ಟುಕೊಂಡಿರಿ.