ದೊಡ್ಡ ಬ್ರೇಕ್ ಕಿಟ್ ಇಲ್ಲದೆ ಕೇಮನ್ ಎಸ್ ಟ್ರ್ಯಾಕಿಗೆ ಇಳಿಸಿದ್ದು: ನನ್ನ ಅನುಭವ

ಕಳೆದ ಜನವರಿಯಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ 20 ನಿಮಿಷದ ಐದು ಸೆಷನ್ ಪೂರ್ತಿ ಓಡಿಸಿದೆ. ಐದನೇ ಸೆಷನ್‌ನ ಕೊನೇ ಲ್ಯಾಪಿನಲ್ಲೂ ಬ್ರೇಕ್ ಪೆಡಲ್ ಬೆಳಿಗ್ಗೆ ಇದ್ದಷ್ಟೇ ಗಟ್ಟಿ. ಸಂಜೆ ಅದೇ ಗಾಡಿಯಲ್ಲಿ, ಅದೇ ಟೈರಿನಲ್ಲಿ ಹೊರಟು ರಾತ್ರಿ ಹನ್ನೊಂದಕ್ಕೆ ಬೆಂಗಳೂರು ಸೇರಿದೆ. "ನಾಲ್ಕು ಲಕ್ಷದ ದೊಡ್ಡ ಬ್ರೇಕ್ ಕಿಟ್ ಹಾಕದೆ ಆಗಲ್ಲ ಮಗಾ, ಸುಮ್ನೆ ದುಡ್ಡು ಬಿಚ್ಚು" ಅಂತ ಎರಡು ವರ್ಷದಿಂದ ಹೇಳುತ್ತಿದ್ದ ಗೆಳೆಯರು ಅವತ್ತು ಪಿಟ್‌ನಲ್ಲೇ ನಿಂತಿದ್ದರು. ಕಣ್ಣಾರೆ ನೋಡಿದರು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 2008ರ ಪೋರ್ಷೆ ಕೇಮನ್ ಎಸ್ (ಈ ತಲೆಮಾರಿನ ಕೋಡ್ 987), 3.4 ಲೀಟರ್, ಮ್ಯಾನುಯಲ್. ನಾನು ನಾಲ್ಕನೇ ಮಾಲೀಕ. ಕೊಟ್ಟಿದ್ದು 27 ಲಕ್ಷದ ಆಸುಪಾಸು. ಐಎಂಎಸ್ ಬೇರಿಂಗ್ (ಇಂಜಿನ್ ಒಳಗಿನ ಒಂದು ಬೇರಿಂಗ್, ಒಡೆದರೆ ಇಂಜಿನ್ನೇ ಹೋಗುತ್ತದೆ) ಅಂತ ಹೆದರಿಸದವರಿಲ್ಲ. ಪ್ರತಿ 5,000 ಕಿ.ಮೀ.ಗೆ ಆಯಿಲ್ ಬದಲಿಸಿ, ಫಿಲ್ಟರ್ ಕೊಯ್ದು ಬಿಡಿಸಿ ನೋಡುತ್ತೇನೆ. ಇವತ್ತಿನವರೆಗೆ ಒಂದು ಲೋಹದ ಚೂರೂ ಕಂಡಿಲ್ಲ. ಇಂಜಿನ್ ನನಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಕೊಟ್ಟಿದ್ದೆಲ್ಲ ಬ್ರೇಕು.

ಮೊದಲ ಸಲ ಹೋದಾಗ ಎರಡನೇ ಸೆಷನ್‌ನ ನಾಲ್ಕನೇ ಲ್ಯಾಪು. ನೇರ ದಾರಿಯ ಕೊನೆಯಲ್ಲಿ ಕಾಲಿಟ್ಟರೆ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಮೂರು ಸಲ ಪಂಪ್ ಮಾಡಿದೆ, ಗೇರ್ ಮೂರಕ್ಕೆ ಇಳಿಸಿದೆ, ಆದರೂ ಟಾರು ಬಿಟ್ಟು ಮಣ್ಣಿಗೆ ಹೋಗಿ ನಿಂತೆ. ಪೆಟ್ಟಾಗಲಿಲ್ಲ. ಆಗಿದ್ದರೆ ಪೂರ್ತಿ ನನ್ನ ಜೇಬಿನದೇ, ರೇಸು ಮತ್ತು ವೇಗ ಪರೀಕ್ಷೆ ನಮ್ಮ ಇನ್ಶೂರೆನ್ಸ್ ಪಾಲಿಸಿಯಿಂದ ಹೊರಗೆ. ಸಂಜೆ ಚಕ್ರ ಬಿಚ್ಚಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ ತಿರುಗಿಸಿದೆ. ಬಂದ ಬ್ರೇಕ್ ಫ್ಲೂಯಿಡ್ ಕಾಫಿ ಡಿಕಾಕ್ಷನ್ ಬಣ್ಣದ್ದು. ಅದರ ನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಸಾಲಾಗಿ ಬಂದು ನೀರಿನ ಬಾಟಲಿಗೆ ಬಿದ್ದವು. ಫ್ಲೂಯಿಡ್ ಕುದಿದು ಗುಳ್ಳೆ ಎದ್ದಿತ್ತು, ಕಾಲು ಒತ್ತಿದರೆ ಗುಳ್ಳೆ ಅಮುಕಿಕೊಳ್ಳುತ್ತಿತ್ತೇ ಹೊರತು ಬ್ರೇಕ್ ಹಿಡಿಯುತ್ತಿರಲಿಲ್ಲ. ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಫ್ಲೂಯಿಡ್ ಬದಲಿಸಲು ದುಡ್ಡು ಕೊಟ್ಟಿದ್ದೆ, ಬಿಲ್ಲಿನಲ್ಲೂ ಬರೆದಿತ್ತು. ಮೇಲಿನ ಡಬ್ಬಿ ಮಾತ್ರ ತುಂಬಿಸಿ ಕಳಿಸಿದ್ದರು. ಆ ಕೋಪ ನನಗೆ ಇನ್ನೂ ಇಳಿದಿಲ್ಲ. ಅವತ್ತಿನಿಂದ ಬ್ಲೀಡ್ ಮಾಡುವುದು, ಅಂದರೆ ಹಳೆ ಫ್ಲೂಯಿಡ್ ಮತ್ತು ಗಾಳಿ ಹೊರಹಾಕುವುದು, ಮನೆಯಲ್ಲೇ. ಹೆಂಡತಿ ಸೀಟಿನಲ್ಲಿ, ನಾನು ಚಕ್ರದ ಹತ್ತಿರ. "ಒತ್ತು... ಹಿಡ್ಕೋ... ಬಿಡು." ನಾಲ್ಕೂ ಚಕ್ರಕ್ಕೆ ಮುಕ್ಕಾಲು ಗಂಟೆ.

ಎರಡನೇ ತಪ್ಪು ನನ್ನದೇ. ಪ್ಯಾಡ್ ಬದಲಿಸಿದರೆ ಮುಗಿಯಿತು ಅಂತ ಪೂರ್ತಿ ರೇಸ್ ಪ್ಯಾಡ್ ತರಿಸಿದೆ, 38 ಸಾವಿರ. ಟ್ರ್ಯಾಕಿನಲ್ಲಿ ಸೊಗಸಾಗಿ ಹಿಡಿಯುತ್ತವೆ. ಆದರೆ ರಸ್ತೆಯಲ್ಲಿ ತಣ್ಣಗಿದ್ದಾಗ ಹಿಡಿಯುವುದೇ ಇಲ್ಲ. ಕೃಷ್ಣಗಿರಿ ಟೋಲ್ ಹತ್ತಿರ ಲಾರಿಯ ಹಿಂಭಾಗ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತಿದ್ದೇನೆ. ಮೇಲೆ, ಎಸ್‌ನ ಡಿಸ್ಕ್‌ಗಳಲ್ಲಿ ತೂತುಗಳಿವೆಯಲ್ಲ, ಎರಡೇ ಟ್ರ್ಯಾಕ್ ದಿನಕ್ಕೆ ಆ ತೂತುಗಳ ಅಂಚಿನಿಂದ ಕೂದಲೆಳೆಯಂಥ ಬಿರುಕು ಶುರುವಾಯಿತು. ಮುಂದಿನ ಚಕ್ರಗಳ ಎರಡು ಡಿಸ್ಕಿಗೆ 50 ಸಾವಿರದ ಮೇಲೆ. ಈಗ ತೂತಿಲ್ಲದ ಸಾದಾ ಡಿಸ್ಕ್ ಹಾಕಿದ್ದೇನೆ. ನೋಡಲು ಅಷ್ಟು ಚೆಂದ ಇಲ್ಲ, ಬಾಳಿಕೆ ಬರುತ್ತಿದೆ.

ಈಗ ಇರುವ ಸೆಟಪ್ ಇಷ್ಟೇ. ಫ್ಲೂಯಿಡ್ ಮೋಟುಲ್ ಆರ್‌ಬಿಎಫ್ 600, ಹೊಸದಿದ್ದಾಗ ಕುದಿಯುವುದು 312 ಡಿಗ್ರಿಗೆ. ರಸ್ತೆಗೂ ಟ್ರ್ಯಾಕಿಗೂ ನಡುವಿನ ಪ್ಯಾಡ್, ಮುಂದಿನ ಚಕ್ರಗಳವು ಸುಮಾರು 24 ಸಾವಿರ. ಚಕ್ರವನ್ನು ಗಾಡಿಗೆ ಜೋಡಿಸುವ ಕೆಳಗಿನ ಕಂಟ್ರೋಲ್ ಆರ್ಮ್‌ಗೆ ಸಿಕ್ಕಿಸುವ ಪೋರ್ಷೆ 911 ಜಿಟಿ3ಯ (997 ತಲೆಮಾರು) ಪ್ಲಾಸ್ಟಿಕ್ ಏರ್ ಡಕ್ಟ್, ಬ್ರೇಕಿನ ಕಡೆಗೆ ಗಾಳಿ ತಿರುಗಿಸುತ್ತದೆ. ಜರ್ಮನಿಯಲ್ಲಿರುವ ಭಾವ ಸೂಟ್‌ಕೇಸಿನಲ್ಲಿ ತಂದುಕೊಟ್ಟ, ಏಳೆಂಟು ಸಾವಿರ ಇರಬೇಕು. ನಮ್ಮ ಬಡಾವಣೆಯ ಹಂಪ್‌ಗಳಿಗೆ ಎಡಗಡೆಯದ್ದು ಒಂದು ಸಲ ಉಜ್ಜಿ ಕಿತ್ತುಹೋಯಿತು. ಈಗ ಟ್ರ್ಯಾಕಿಗೆ ಹೊರಡುವ ಹಿಂದಿನ ರಾತ್ರಿ ಹಾಕಿ, ವಾಪಸ್ ಬಂದ ಮೇಲೆ ತೆಗೆಯುತ್ತೇನೆ. ಡಿಸ್ಕ್ ಬಿಟ್ಟರೆ ಎಲ್ಲ ಸೇರಿ 40 ಸಾವಿರ ದಾಟಿಲ್ಲ.

ಇಷ್ಟರಿಂದ ಅರ್ಧ ಗೆದ್ದೆ. ಇನ್ನರ್ಧ ಕಾಲಿನಲ್ಲಿತ್ತು. ನೇರ ದಾರಿಯ ಕೊನೆಯಲ್ಲಿ ನನ್ನ ಜಿಪಿಎಸ್ ಗಂಟೆಗೆ 185 ಕಿ.ಮೀ. ತೋರಿಸುತ್ತಿತ್ತು, ಅಲ್ಲಿಂದ 85ಕ್ಕೆ ಇಳಿಸಬೇಕು. ಬ್ರೇಕ್ ಒತ್ತುವುದಕ್ಕೆ ಮೊದಲೇ ಆಕ್ಸಿಲರೇಟರ್ ಬಿಟ್ಟು 175ಕ್ಕೆ ಬರಲು ಬಿಡುತ್ತೇನೆ. ಹತ್ತು ಕಿಲೋಮೀಟರ್ ಏನು ಮಹಾ ಅನ್ನಿಸುತ್ತದೆ. ಆದರೆ ಶಾಖ ಲೆಕ್ಕವಾಗುವುದು ವೇಗದ ವರ್ಗದಲ್ಲಿ (ವೇಗ ಗುಣಿಸು ವೇಗ). ಹಾಕಿ ನೋಡಿ, ಆ ಒಂದು ತಿರುವಿನಲ್ಲೇ ಡಿಸ್ಕಿಗೆ ಹೋಗುವ ಶಾಖ 13 ಪರ್ಸೆಂಟ್ ಕಮ್ಮಿ. ಆಮೇಲೆ ಒತ್ತುವುದು ಗಟ್ಟಿಯಾಗಿ, ಚುಟುಕಾಗಿ. ಮೆತ್ತಗೆ ಎಳೆದುಕೊಂಡು ಹೋದರೆ ಡಿಸ್ಕಿಗೆ ತಣಿಯಲು ಸಮಯವೇ ಸಿಗುವುದಿಲ್ಲ. "ಹಿಂಗಾದ್ರೆ ಸ್ಲೋ ಆಗ್ತೀಯ" ಅಂದರು ಗೆಳೆಯರು. ಲ್ಯಾಪಿಗೆ ಅರ್ಧ ಸೆಕೆಂಡೂ ಹೋಗಲಿಲ್ಲ. ಮೂರನೇ ಲ್ಯಾಪಿಗೆ ಅವರ ಪೆಡಲ್ ಮೆತ್ತಗಾಗಿ ಪಿಟ್‌ಗೆ ಬರುತ್ತಿದ್ದರು, ನಾನು ಎಂಟನೇ ಲ್ಯಾಪಿನಲ್ಲಿ 2 ನಿಮಿಷ 5 ಸೆಕೆಂಡಿಗೆ ಇಳಿದೆ. ನನ್ನ ಹಳೆಯ ದಾಖಲೆಗಿಂತ ಮೂರು ಸೆಕೆಂಡ್ ಕಮ್ಮಿ. ಕಾಲು ಎತ್ತುವ ಗುರುತು ಯಾವುದು, ಎಷ್ಟು ಮೀಟರ್ ಮೊದಲು ಅನ್ನೋದು ನನ್ನ ಹತ್ತಿರವೇ ಇರಲಿ. ಹಿಂದಿನ ಚಕ್ರದ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎಷ್ಟಿಟ್ಟಿದ್ದೇನೆ ಅನ್ನೋದೂ ಅಷ್ಟೇ.

ನಡುವೆ ಟೈರಿನ ಹುಚ್ಚೂ ಹತ್ತಿತ್ತು. ನೈಟ್ರೋಜನ್ ಹಾಕಿದರೆ ಪ್ರೆಶರ್ ಏರಲ್ಲ ಅಂತ ಯಾರೋ ಅಂದರು. ಒಂದು ದಿನ ಎಡಗಡೆ ಎರಡಕ್ಕೂ ನೈಟ್ರೋಜನ್, ಬಲಗಡೆ ಮಾಮೂಲಿ ಗಾಳಿ. ಮುಂದಿನ ಸಲ ಅದಲು ಬದಲು. ಬೆಳಿಗ್ಗೆ ಮುಂದೆ 27, ಹಿಂದೆ 29 ಪಿಎಸ್ಐ ಪ್ರೆಶರ್ ಇಟ್ಟದ್ದು ಎರಡನೇ ಸೆಷನ್ ಮುಗಿಯುವಾಗ 34, 36ರ ಹತ್ತಿರ. ನೈಟ್ರೋಜನ್‌ಗೂ ಗಾಳಿಗೂ ಮಧ್ಯೆ ಒಂದು ಪಿಎಸ್ಐ ವ್ಯತ್ಯಾಸವೂ ಸಿಗಲಿಲ್ಲ. ಈಗ ಪಂಕ್ಚರ್ ಅಂಗಡಿಯ ಗಾಳಿಯೇ. ಟ್ರ್ಯಾಕಿಗೆಂದು ಕಮ್ಮಿ ಇಟ್ಟ ಗಾಳಿಯನ್ನು ಟೈರ್ ತಣ್ಣಗಾದ ಮೇಲೆ ವಾಪಸ್ ಹೊರಡುವ ಮುಂಚೆ ಮತ್ತೆ ತುಂಬಿಸಲು ಮಾತ್ರ ಮರೆಯಬೇಡಿ.

ಇನ್ನೊಂದು, 987 ಇಟ್ಟುಕೊಂಡವರಿಗೆ. ಪವರ್ ಸ್ಟೀರಿಂಗ್ ಆಯಿಲ್ ಕುದಿದು ಉಕ್ಕುತ್ತದೆ. ಹಿಂದಿನಿಂದ ಬಿಳಿ ಹೊಗೆ ಬಂದಾಗ ಇಂಜಿನ್ ಹೋಯಿತು ಅಂತ ನನ್ನ ಎದೆಯೇ ಒಡೆದಿತ್ತು. ಈಗ ಮಟ್ಟ ಗೆರೆಗಿಂತ ಸ್ವಲ್ಪ ಕೆಳಗಿಡುತ್ತೇನೆ, ಮಧ್ಯಾಹ್ನದ ಸೆಷನ್‌ನಲ್ಲಿ ಪ್ರತಿ ಐದು ಲ್ಯಾಪಿಗೆ ಒಂದು ನಿಧಾನದ ಲ್ಯಾಪ್. ಆಮೇಲೆ ಉಕ್ಕಿಲ್ಲ.

ಒಂದು ದಿನದ ಖರ್ಚು: ಟ್ರ್ಯಾಕ್ ಫೀ 12 ಸಾವಿರದ ಆಸುಪಾಸು, ಪೆಟ್ರೋಲ್ ಹೋಗಿ ಬರುವುದೂ ಸೇರಿ ಹತ್ತು ಸಾವಿರದ ಮೇಲೆ. ಟ್ರ್ಯಾಕಿನಲ್ಲಿ ಲೀಟರಿಗೆ ಮೂರೂವರೆ ಕಿ.ಮೀ. ಕೊಟ್ಟರೆ ಹೆಚ್ಚು. ಟೈರು, ಪ್ಯಾಡ್ ಸವೆತ ಇನ್ನೊಂದು ಹದಿನೈದು ಸಾವಿರ. ಆಂಬೂರಿನ ಬಿರಿಯಾನಿ ಬೇರೆ.

ಮೊನ್ನೆ ಭಾನುವಾರ ಚಕ್ರ ಬಿಚ್ಚಿ ಅಳೆದೆ. ಮುಂದಿನ ಪ್ಯಾಡ್ ಇನ್ನೂ 7 ಎಂಎಂ ಇದೆ. ಕಿಟ್ ಹಾಕಿಸು ಅಂದಿದ್ದ ಗೆಳೆಯ ಫೋನ್ ಮಾಡಿ, "ನಿಮ್ಮ ಭಾವ ಮತ್ತೆ ಯಾವಾಗ ಬರ್ತಾರೆ, ನಂಗೂ ಒಂದು ಸೆಟ್ ಡಕ್ಟ್ ಬೇಕಿತ್ತು" ಅಂದ. ದಸರೆಗೆ ಬರುತ್ತಾನೆ, ಹೇಳಿದ್ದೇನೆ.