ಗೋಲ್ಡ್‌ಫಿಶ್ ತೊಟ್ಟಿಯ ತಳವನ್ನು ಶುಚಿಯಾಗಿಡುವುದು ಹೇಗೆ?

ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ. ತಿಂದ ಆಹಾರ ನೇರವಾಗಿ ಕರುಳಿಗೆ ಇಳಿದು ಬೇಗನೆ ಮಲವಾಗಿ ಹೊರಬರುವುದರಿಂದ, ಈ ಮೀನು ಸಾಕುವವರ ತೊಟ್ಟಿಯ ತಳದಲ್ಲಿ ಕಶ್ಮಲ ಬಲು ಬೇಗ ಸೇರಿಕೊಳ್ಳುತ್ತದೆ. ಅದರ ಜೊತೆಗೆ ತಿನ್ನದೆ ಉಳಿದ ಆಹಾರವೂ ಕಲ್ಲುಗಳ ಸಂದಿಗೆ ಇಳಿದು ಕೊಳೆಯುತ್ತದೆ. ಮೇಲಿನ ನೀರು ಎಷ್ಟೇ ತಿಳಿಯಾಗಿ ಕಂಡರೂ ಕೆಳಗೆ ಹೀಗೆ ಕೊಳೆತದ್ದರಿಂದ ಅಮೋನಿಯಾ ಹುಟ್ಟಿ ಮೀನಿನ ಕಿವಿರುಗಳನ್ನು ಸುಡುತ್ತದೆ.

ಹಾಗೆಂದು ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಕಲ್ಲುಗಳನ್ನೆಲ್ಲ ಹೊರತೆಗೆದು ನಲ್ಲಿಯ ಕೆಳಗೆ ಉಜ್ಜಿ ತೊಳೆಯುವುದು ಸರಿಯಲ್ಲ. ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಬದುಕುವುದು ಅದೇ ಕಲ್ಲುಗಳ ಮೈಮೇಲೆ ಮತ್ತು ಫಿಲ್ಟರ್‌ನ ಸ್ಪಂಜಿನಲ್ಲಿ. ನಲ್ಲಿ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ. ಅಪ್ಪಟ ಶ್ರದ್ಧೆಯಿಂದ ತೊಳೆದ ತೊಟ್ಟಿಯಲ್ಲೇ ನಾಲ್ಕಾರು ದಿನಗಳಲ್ಲಿ ಮೀನು ಸಾಯುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಆದ್ದರಿಂದ ವಾರಕ್ಕೊಮ್ಮೆ, ಕಾಲು ಭಾಗದಷ್ಟು ನೀರಿನೊಂದಿಗೆ ಕಶ್ಮಲವನ್ನಷ್ಟೇ ಹೊರಗೆಳೆಯುವ ಪದ್ಧತಿಯನ್ನು ರೂಢಿಸಿಕೊಳ್ಳಬೇಕು.

ಇದಕ್ಕೆ ಬೇಕಾಗುವುದು ಒಂದು ತುದಿಯಲ್ಲಿ ಅಗಲವಾದ ಪ್ಲಾಸ್ಟಿಕ್ ಕೊಳವೆಯಿರುವ ಸೈಫನ್ ಪೈಪು ಮತ್ತು ಮೀನಿನ ಕೆಲಸಕ್ಕೆಂದೇ ಮೀಸಲಿಟ್ಟ, ಸೋಪು ತಾಗದ ಒಂದು ಬಕೆಟ್. ಮೊದಲು ಫಿಲ್ಟರ್ ಮತ್ತು ಹೀಟರ್‌ಗಳ ಪ್ಲಗ್ ತೆಗೆಯಬೇಕು. ನೀರಿನ ಮಟ್ಟ ಇಳಿದಾಗ ಬಿಸಿಯಾದ ಹೀಟರ್‌ನ ಗಾಜು ಒಡೆಯುವ ಸಂಭವವಿದೆ. ಬಕೆಟ್ಟನ್ನು ತೊಟ್ಟಿಗಿಂತ ಕೆಳಗಿಟ್ಟು, ಪೈಪಿನಲ್ಲಿರುವ ರಬ್ಬರ್ ಗುಂಡನ್ನು ಒತ್ತಿ, ಇಲ್ಲವೇ ಪೈಪಿನೊಳಗೆ ಮೊದಲೇ ನೀರು ತುಂಬಿಸಿ ಹರಿವನ್ನು ಆರಂಭಿಸಬೇಕು. ಬಾಯಿಯಿಂದ ಎಳೆಯುವ ಅಭ್ಯಾಸ ಆರೋಗ್ಯಕ್ಕೆ ಒಳ್ಳೆಯದಲ್ಲ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳುವುದು ಲೇಸು, ಏಕೆಂದರೆ ತೊಟ್ಟಿಯ ನೀರಿನಿಂದ ಚರ್ಮಕ್ಕೆ ಸೋಂಕು ತಗಲುವುದುಂಟು.

ಕೊಳವೆಯ ಅಗಲವಾದ ಬಾಯನ್ನು ಕಲ್ಲುಗಳೊಳಗೆ ತಳ ಮುಟ್ಟುವವರೆಗೆ ನೆಟ್ಟಗೆ ಊರಿದರೆ, ಕಲ್ಲುಗಳು ಕೊಳವೆಯೊಳಗೆ ಮೇಲೆದ್ದು ಹೊರಳಾಡುತ್ತವೆ. ಅವುಗಳ ನಡುವಿನಿಂದ ಕಂದು ಬಣ್ಣದ ಕಶ್ಮಲ ಬಿಡಿಸಿಕೊಂಡು ಪೈಪಿನತ್ತ ಸಾಗುತ್ತದೆ. ಕಲ್ಲುಗಳೂ ಮೇಲೇರತೊಡಗಿದರೆ ಪೈಪನ್ನು ಬೆರಳುಗಳಿಂದ ಕ್ಷಣಕಾಲ ಅದುಮಿ ಹಿಡಿದರೆ ಸಾಕು, ಭಾರವಾದ ಕಲ್ಲು ಕೆಳಗಿಳಿದು ಹಗುರವಾದ ಕೊಳೆ ಮೇಲೆಯೇ ಉಳಿಯುತ್ತದೆ. ಕೊಳವೆಯೊಳಗಿನ ನೀರು ತಿಳಿಯಾದ ಮೇಲೆ ಅದನ್ನು ಎತ್ತಿ ಪಕ್ಕದ ಜಾಗಕ್ಕೆ ಊರಬೇಕು. ಹೀಗೆ ಒಂದು ಮೂಲೆಯಿಂದ ಸಾಲಾಗಿ ಬರುವುದು ಉತ್ತಮ. ಅಲಂಕಾರದ ವಸ್ತುಗಳ ಅಡಿ ಮತ್ತು ನೀರಿನ ಚಲನೆ ಕಡಿಮೆಯಿರುವ ಹಿಂಬದಿಯ ಮೂಲೆಗಳಲ್ಲಿ ಕೊಳೆ ಹೆಚ್ಚಾಗಿ ಸೇರಿರುವುದರಿಂದ ಅವನ್ನು ಮರೆಯಬಾರದು. ತಳ ಪೂರ್ತಿಯಾಗದಿದ್ದರೂ ಕಾಲು ಭಾಗ ನೀರು ಹೋದೊಡನೆ ನಿಲ್ಲಿಸಿ, ಉಳಿದ ಭಾಗವನ್ನು ಮುಂದಿನ ವಾರಕ್ಕೆ ಬಿಡಬಹುದು.

ತಳದಲ್ಲಿ ಮರಳಿದ್ದರೆ ಕೊಳವೆಯನ್ನು ಊರದೆ, ಮೇಲ್ಮೈಯಿಂದ ಒಂದು ಬೆರಳಿನಷ್ಟು ಎತ್ತರದಲ್ಲಿ ಸುಳಿಸಿದರೆ ಮರಳಿನ ಮೇಲೆ ಬಿದ್ದಿರುವ ಕೊಳೆ ತಾನಾಗಿಯೇ ಏಳುತ್ತದೆ. ಮರಳಿನ ಪದರ ದಪ್ಪವಾಗಿದ್ದಲ್ಲಿ ಗಾಳಿಯಾಡದೆ ಕಪ್ಪು ಕಲೆಗಳು ಮೂಡಿ ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಎರಡು ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ಹರಡದಿರುವುದೇ ಇದಕ್ಕೆ ಪರಿಹಾರ. ಕಲ್ಲು ಆರಿಸುವಾಗಲೂ ಎಚ್ಚರ ಬೇಕು. ಗೋಲ್ಡ್‌ಫಿಶ್ ತಳವನ್ನು ಸದಾ ಬಾಯಲ್ಲಿ ಕೆದಕುತ್ತಿರುತ್ತದೆ. ಬಟಾಣಿ ಗಾತ್ರದ ಕಲ್ಲು ಅದರ ಬಾಯಲ್ಲಿ ಸಿಕ್ಕಿಕೊಳ್ಳಬಹುದು.

ಹೊಸದಾಗಿ ಹಾಕುವ ನೀರು ತೊಟ್ಟಿಯ ನೀರಿನಷ್ಟೇ ಉಷ್ಣತೆಯದ್ದಾಗಿರಲಿ, ಅದಕ್ಕೆ ಕ್ಲೋರಿನ್ ತೆಗೆಯುವ ದ್ರಾವಣವನ್ನು ಬೆರೆಸಿರಲಿ. ಫಿಲ್ಟರ್‌ನ ಸ್ಪಂಜು ಕಟ್ಟಿಕೊಂಡಿದ್ದರೆ ಅದನ್ನು ಬಕೆಟ್‌ನಲ್ಲಿರುವ ಹಳೆಯ ನೀರಿನಲ್ಲೇ ಹಿಂಡಿ ತೆಗೆಯಬೇಕು.

ಇಷ್ಟೆಲ್ಲ ಮಾಡಿಯೂ ತಳ ಎರಡೇ ದಿನದಲ್ಲಿ ಕೊಳೆಯಾಗುತ್ತಿದ್ದರೆ ಆಹಾರ ಹೆಚ್ಚಾಗುತ್ತಿದೆ ಎಂದು ತಿಳಿಯಬೇಕು. ಮೀನುಗಳು ಸುಮಾರು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಿ, ಉಳಿದದ್ದನ್ನು ಕೂಡಲೇ ಬಲೆಯಿಂದ ತೆಗೆಯಬೇಕು. ತಳ ಶುಚಿ ಮಾಡುತ್ತದೆಂಬ ನಂಬಿಕೆಯಿಂದ ಸಕ್ಕರ್ ಮೀನನ್ನು ತಂದು ಬಿಡುವವರಿದ್ದಾರೆ. ಅದು ಗೋಲ್ಡ್‌ಫಿಶ್‌ನ ಮಲವನ್ನು ತಿನ್ನುವುದಿಲ್ಲ. ತನ್ನದೇ ಮಲವನ್ನು ಸೇರಿಸುವುದಲ್ಲದೆ, ಕೆಲವೊಮ್ಮೆ ಗೋಲ್ಡ್‌ಫಿಶ್‌ನ ಮೈಗೆ ಅಂಟಿಕೊಂಡು ಅದರ ಲೋಳೆಪದರವನ್ನು ಹೀರಿ ಗಾಯ ಮಾಡುತ್ತದೆ.