ಅಳಿವೆಯ ಬೇಟೆ ಹಕ್ಕಿಗಳು: ಯಾವ ಹೊತ್ತಿಗೆ ಯಾವ ದಡ

ನಮ್ಮ ಕರಾವಳಿಯಲ್ಲಿ ಹೊಳೆ ಕಡಲು ಸೇರುವ ಅಳಿವೆಗಳಲ್ಲಿ ಗರುಡ, ಹದ್ದು, ಬಿಳಿ ಹೊಟ್ಟೆಯ ಕಡಲ ಹದ್ದು ವರ್ಷವಿಡೀ ಇರುತ್ತವೆ. ಆಸ್ಪ್ರೆ ಮಾತ್ರ ಚಳಿಗಾಲದ್ದು. ಅಕ್ಟೋಬರ್ ಹೊತ್ತಿಗೆ ಬಂದು ಮಾರ್ಚ್–ಏಪ್ರಿಲ್‌ನಲ್ಲಿ ಹೊರಡುತ್ತದೆ. ಇವುಗಳ ಚಿತ್ರ ಕೆಡುವುದು ಹೆಚ್ಚಾಗಿ ಲೆನ್ಸ್ ಸಾಲದೆ ಅಲ್ಲ, ತಪ್ಪು ದಡದಲ್ಲಿ ನಿಂತದ್ದರಿಂದ.

ಡಿಸೆಂಬರ್–ಜನವರಿಯಲ್ಲಿ ಬೆಳಿಗ್ಗೆ ನೆಲದಿಂದ ಕಡಲಿಗೆ ಮೂಡುಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಕಡಲಿನಿಂದ ಪಡುಗಾಳಿ ಶುರುವಾಗುತ್ತದೆ. ಮೀನು ಹುಡುಕುವ ಆಸ್ಪ್ರೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವುದು ಗಾಳಿಗೆ ಮುಖ ಕೊಟ್ಟು. ಹಾಗಾಗಿ ಬೆಳಿಗ್ಗೆ ಮೂಡಣ ದಡದಲ್ಲಿ ನಿಂತರೆ ಬಿಸಿಲು ನಮ್ಮ ಬೆನ್ನಿಗೆ, ಹಕ್ಕಿಯ ಮುಖ ನಮ್ಮ ಕಡೆಗೆ. ಸಂಜೆ ಪಡುವಣ ದಡದಲ್ಲಿಯೂ ಇದೇ ಲೆಕ್ಕ. ನಮ್ಮ ಕರಾವಳಿಯಲ್ಲಿ ಹೊಳೆಗಳು ಕಡಲು ಸೇರುವ ಮೊದಲು ಮರಳ ದಿಣ್ಣೆಯ ಹಿಂದೆ ಉದ್ದಕ್ಕೆ ಹರಿಯುವುದರಿಂದ ಎರಡೂ ದಡ ಸಿಗುತ್ತವೆ. ಉಡುಪಿ ಕಡೆ ಬೆಳಿಗ್ಗೆ ಹಂಗಾರಕಟ್ಟೆ ಬದಿ, ಸಂಜೆ ಕೋಡಿಬೆಂಗ್ರೆ. ಮಂಗಳೂರಿನಲ್ಲಿ ಬೆಳಿಗ್ಗೆ ಸುಲ್ತಾನ್ ಬತ್ತೇರಿ, ಸಂಜೆ ದೋಣಿ ದಾಟಿ ತಣ್ಣೀರುಬಾವಿ. ಬಿಸಿಲಿನ ಕೋನ ಗೊಂದಲವಾದರೆ ನಿಮ್ಮದೇ ನೆರಳು ನೋಡಿ: ಅದು ಹಕ್ಕಿಯ ಕಡೆ ಚಾಚಿರಬೇಕು.

ಗಾಳಿ, ಬಿಸಿಲಿನ ನಂತರ ಮೂರನೆಯದು ನೀರು. ಆಸ್ಪ್ರೆಗೆ ಸುಮಾರು ಒಂದು ಮೀಟರ್ ಆಳದವರೆಗಿನ ಮೀನು ಮಾತ್ರ ಎಟುಕುತ್ತದೆ. ಇಳಿತದ ಕೊನೆಯ ಎರಡು ಗಂಟೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ತೋಡುಗಳಿಂದ ಮೀನು ಹೊಳೆಗೆ ಇಳಿಯುತ್ತದೆ, ನೀರೂ ತೆಳುವಾಗಿರುತ್ತದೆ; ನಾನು ಆರಿಸುವುದು ಆ ಹೊತ್ತನ್ನೇ. ಉಬ್ಬರ-ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ವಾರ ಬೆಳಗಿನ ಬಿಸಿಲಿಗೆ ಇಳಿತ ಹೊಂದಿಕೊಂಡರೆ ಮತ್ತೆ ಹೊಂದುವುದು ಹೆಚ್ಚುಕಡಿಮೆ ಎರಡು ವಾರದ ಮೇಲೆ.

ಒಂದೊಂದು ಹಕ್ಕಿಯ ಬೇಟೆ ಒಂದೊಂದು ರೀತಿ, ಕ್ಯಾಮೆರಾ ಹಿಡಿಯುವುದೂ ಅದರಂತೆ. ಆಸ್ಪ್ರೆ ಕಾಲು ಮುಂದೆ ಮಾಡಿ ನೇರ ನೀರಿಗೆ ಬೀಳುತ್ತದೆ. ಬೀಳುವಾಗ ಫೋಕಸ್ ತಪ್ಪಿದರೆ ಬಿಡಿ. ನೀರಿನಿಂದ ಏಳಲು ಅದಕ್ಕೆ ಕೆಲವು ಕ್ಷಣ ಬೇಕು, ಒಳ್ಳೆಯ ಫ್ರೇಮ್ ಅಲ್ಲಿದೆ. ಮೇಲೇರಿದ ಮೇಲೆ ಹಾರುತ್ತಲೇ ಮೈ ಕೊಡವುತ್ತದೆ, ಆಮೇಲೆ ಮೀನಿನ ತಲೆ ಮುಂದಕ್ಕೆ ಬರುವಂತೆ ತಿರುಗಿಸಿಕೊಳ್ಳುತ್ತದೆ. ಆಗಲೂ ಬೆರಳು ತೆಗೆಯಬೇಡಿ, ಮೀನು ಕಸಿಯಲು ಗರುಡವೋ ಕಡಲ ಹದ್ದೋ ಹಿಂದೆ ಬೀಳುವುದುಂಟು. ಕಡಲ ಹದ್ದು ಸಾಮಾನ್ಯವಾಗಿ ಮುಳುಗುವುದಿಲ್ಲ. ದೂರದಿಂದಲೇ ತಗ್ಗಿ ಬಂದು ಮೇಲ್ನೀರಿನಿಂದ ಎತ್ತಿಕೊಂಡು ಹೋಗುತ್ತದೆ. ಅದು ಗಾಳಿಮರದ ತುದಿ ಬಿಟ್ಟಾಗಲೇ ಫೋಕಸ್ ಹಿಡಿಯಬೇಕು. ಎಳೆಯ ಗರುಡ ಕಂದಾಗಿದ್ದು ಹದ್ದಿನಂತೆಯೇ ಕಾಣುತ್ತದೆ. ಬಾಲ ನೋಡಿ: ಗರುಡನದು ದುಂಡು, ಹದ್ದಿನದು ಕವಲು. ಬಾಲ ಬಿಳಿಯ ಬೆಣೆಯಂತಿದ್ದು, ರೆಕ್ಕೆ ಮೇಲಕ್ಕೆತ್ತಿ ತೇಲುತ್ತಿದ್ದರೆ ಕಡಲ ಹದ್ದು.

ಮ್ಯಾನುವಲ್ ಮೋಡ್, ಆಟೋ ಐಎಸ್‌ಒ (ಬೆಳಕಿನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಆರಿಸಿಕೊಳ್ಳುವುದು), ಗರಿಷ್ಠ 3200. ತೇಲುವ ಹಕ್ಕಿಗೆ ಶಟರ್ ವೇಗ 1/1250 ಸೆಕೆಂಡ್ ಸಾಕು, ಧುಮುಕುವುದಕ್ಕೆ 1/2000ಕ್ಕಿಂತ ಕಡಿಮೆ ಬೇಡ. ಎಕ್ಸ್‌ಪೋಷರ್‌ನಲ್ಲಿ ಎಡವುವವರೇ ಹೆಚ್ಚು. ಬಿಳಿ ಆಕಾಶದ ಎದುರು ಹಕ್ಕಿ ಕಪ್ಪಾಗುತ್ತದೆ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ +1 ಕೊಡಿ. ಅದೇ ಗರುಡ ಕಾಂಡ್ಲಾದ ಕಡುಹಸಿರಿನ ಮುಂದೆ ಬಂದರೆ ತಲೆ, ಎದೆಯ ಬಿಳಿ ಸುಟ್ಟುಹೋಗುತ್ತದೆ, -0.7ಕ್ಕೆ ಇಳಿಸಿ. 200-500 ಮಿ.ಮೀ. ಜೂಮ್ ಇದ್ದರೆ 300ರಲ್ಲಿ ಹಕ್ಕಿಯನ್ನು ಹುಡುಕಿ ಆಮೇಲೆ ಎಳೆಯಿರಿ. ಒಂಬತ್ತೂವರೆ ದಾಟಿದ ಮೇಲೆ ಮರಳಿನ ಮೇಲೆ ಬಿಸಿಗಾಳಿ ಕುಣಿಯುತ್ತದೆ. ದೂರದ ಹಕ್ಕಿ ಎಷ್ಟು ದುಬಾರಿ ಲೆನ್ಸಿನಲ್ಲೂ ಮಸುಕು. ಆಗ ಬೈನಾಕ್ಯುಲರ್ ಹಿಡಿದು ಸುಮ್ಮನೆ ನೋಡುವುದು ಲೇಸು.

ಮರೆಯ ಟೆಂಟ್ ಇಲ್ಲಿ ವ್ಯರ್ಥ, ಕಡಲಗಾಳಿಗೆ ನಿಲ್ಲುವುದಿಲ್ಲ. ಮೀನಿಗೆ ಬಲೆ ಹಾಕುವವರನ್ನು ನೋಡಿ ಇಲ್ಲಿನ ಹಕ್ಕಿಗಳಿಗೆ ಅಭ್ಯಾಸವಿದೆ. ಎಳೆದಿಟ್ಟ ದೋಣಿಯ ಪಕ್ಕ ಕೂತವರನ್ನು ಲೆಕ್ಕಿಸುವುದಿಲ್ಲ, ನೆಟ್ಟ ಗೂಟದ ಮೇಲೆ ಕೂತಿರುವಾಗ ನೇರ ನಡೆದು ಹೋದರೆ ಹಾರುತ್ತವೆ. ದೋಣಿಯಲ್ಲಾದರೆ ಎಂಜಿನ್ ನಿಲ್ಲಿಸಿ ತೇಲಲು ಹೇಳಿ, ಇಲ್ಲದಿದ್ದರೆ ನಡುಕ ಚಿತ್ರದಲ್ಲಿ ಕಾಣುತ್ತದೆ. ಮೀನಿನ ತ್ಯಾಜ್ಯ ಎಸೆದು ಗರುಡಗಳನ್ನು ಕರೆಯುವ ಚಾಳಿ ನನಗೆ ಸರಿಬರುವುದಿಲ್ಲ. ಬರುವುದು ಹದ್ದು, ಕಾಗೆಗಳ ಗುಂಪು, ಚಿತ್ರವೂ ಮೀನು ಇಳಿಸುವ ದಕ್ಕೆಯ ಚಿತ್ರದಂತೆಯೇ ಇರುತ್ತದೆ. ಕಡಲ ಹದ್ದಿನ ಗೂಡು ಕಂಡರೆ ಅಲ್ಲಿ ನಿಲ್ಲದೆ ಮುಂದೆ ಹೋಗಿ, ಚಿತ್ರದಿಂದ ಜಿಪಿಎಸ್ ಮಾಹಿತಿ ಅಳಿಸಿ.

ಮನೆಗೆ ಬಂದ ಕೂಡಲೇ ಕ್ಯಾಮೆರಾದ ಹೊರಮೈಯನ್ನು ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಒಣ ಬಟ್ಟೆಯಿಂದಲೇ ಶುರು ಮಾಡಿದರೆ ಉಪ್ಪು, ಮರಳಿನ ಕಣ ಗಾಜನ್ನು ಗೀರುತ್ತವೆ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬರುವ ಊರು ನಮ್ಮದು, ಡ್ರೈ ಬಾಕ್ಸ್‌ನ ತೇವಾಂಶ 40–50 ಶೇಕಡಾದಲ್ಲಿರಲಿ. ಅದಿಲ್ಲದವರಿಗೆ ಬಿಗಿ ಮುಚ್ಚಳದ ಡಬ್ಬ, ಸಿಲಿಕಾ ಜೆಲ್ ಸಾಕು. ಹರಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ವಾಪಸ್ ಹಾಕಿ.